ಟ್ಯಾಂಕಿಗೆ ಎಷ್ಟು ಹಿಡಿಯುತ್ತೆ? ಮೋಟರ್‌ಹೋಮ್ ಓಡಿಸುವವರ ಪ್ರಶ್ನೆಗಳು

ಬೇಸಿಗೆಯಲ್ಲಿ ಅಮೆರಿಕದ ಮಕ್ಕಳ ಮನೆಗೆ ಹೋಗಿ, ಅಲ್ಲಿಂದ ಮೋಟರ್‌ಹೋಮ್ (ಒಳಗೆ ಮನೆಯೇ ಇರುವ ಗಾಡಿ) ಬಾಡಿಗೆಗೆ ಹಿಡಿದು ಗ್ರ್ಯಾಂಡ್ ಕ್ಯಾನಿಯನ್, ಯೆಲ್ಲೋಸ್ಟೋನ್ ಸುತ್ತಿಬರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಅವರವು. ಎರಡು ಮಾತ್ರ ಬೇರೆ ಕಡೆಯಿಂದ ಬಂದಿವೆ.

ಪ್ರಶ್ನೆ: ಸ್ಯಾನ್ ಹೋಸೆಯಿಂದ ಯೂಟಾ ಕಡೆಗೆ 28 ಅಡಿಯ ಬಾಡಿಗೆ ಮೋಟರ್‌ಹೋಮ್‌ನಲ್ಲಿ ಹೊರಡುವವರಿದ್ದೇವೆ. ಟ್ಯಾಂಕ್ 40 ಗ್ಯಾಲನ್ ಎಂದು ಒಬ್ಬರು, 55 ಎಂದು ಇನ್ನೊಬ್ಬರು ಹೇಳಿದರು. ಕೊಟ್ಟ ಪುಸ್ತಕದಲ್ಲಿ ಕುಡಿಯುವ ನೀರು, ಕೊಳಚೆ ನೀರು ಎಲ್ಲದರ ಲೆಕ್ಕ ಇದೆ; ಪೆಟ್ರೋಲಿನದೇ ಇಲ್ಲ. ಎಲ್ಲಿ ನೋಡಬೇಕು? (ಕ್ಯಾಲಿಫೋರ್ನಿಯಾ)

ಉತ್ತರ: ನಿಮ್ಮ ಕೈಗೆ ಬಂದಿರುವುದು ಅರ್ಧ ಗಾಡಿಯ ಪುಸ್ತಕ. ಮೋಟರ್‌ಹೋಮ್‌ಗೆ ತಯಾರಕರು ಇಬ್ಬರು. ಎಂಜಿನ್, ಚಾಸಿ, ಇಂಧನ ಟ್ಯಾಂಕ್ ಒಬ್ಬರದು. ಅದರ ಮೇಲೆ ಕೂರಿಸಿದ ಮನೆ, ಅಂದರೆ ಮಂಚ, ಒಲೆ, ನೀರಿನ ಟ್ಯಾಂಕ್, ಇನ್ನೊಬ್ಬರದು. ಗಾಡಿಯ ಹೊರಗೆ ದೊಡ್ಡದಾಗಿ ಬರೆದಿರುವ ಹೆಸರು ಸಾಮಾನ್ಯವಾಗಿ ಮನೆ ಕಟ್ಟಿದವರದು. ಟ್ಯಾಂಕಿನ ಅಳತೆ ಬೇಕಾದರೆ ಚಾಸಿಯ ಪುಸ್ತಕ ಹುಡುಕಿ. ಮುಂದಿನ ಸೀಟಿನ ಎದುರಿನ ಡಬ್ಬಿಯಲ್ಲಿ ಬೇರೆಯಾಗಿಯೇ ಇರುತ್ತದೆ. ಅದರ ಕೊನೆಯ ಭಾಗದಲ್ಲಿ, ಎಂಜಿನ್ ಆಯಿಲ್, ಕೂಲಂಟ್‌ಗಳ ಪ್ರಮಾಣ ಕೊಟ್ಟಿರುವ ಪಟ್ಟಿಯಲ್ಲೇ ಇಂಧನದ್ದೂ ಇರುತ್ತದೆ. ಒಂದೇ ಚಾಸಿಗೆ ಎರಡು ಅಳತೆಯ ಟ್ಯಾಂಕ್ ಇದ್ದರೆ ಅಲ್ಲಿ ಎರಡನ್ನೂ ಬರೆದಿರುತ್ತಾರೆ. ನಿಮ್ಮದು ಯಾವುದೆಂದು ತಿಳಿಯಲು ಡ್ಯಾಶ್‌ಬೋರ್ಡಿನ ಮೇಲೆ, ಮುಂದಿನ ಗಾಜಿನ ಬುಡದಲ್ಲಿ ಕಾಣುವ 17 ಅಕ್ಷರದ ಚಾಸಿ ಸಂಖ್ಯೆಯನ್ನು ಚಾಸಿ ಕಂಪನಿಯ ಡೀಲರ್‌ಗೆ ಓದಿ ಹೇಳಿ. ಯಾವ ಟ್ಯಾಂಕ್ ಹಾಕಿ ಕಳಿಸಿದ್ದು ಎಂಬುದು ಅವರ ಕಂಪ್ಯೂಟರಿನಲ್ಲಿ ಸಿಗುತ್ತದೆ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಹುಡುಕಬೇಡಿ. ಅಲ್ಲಿರುವುದು ಟೈರಿನ ಗಾಳಿ ಮತ್ತು ತೂಕದ ಮಿತಿ.

28 ಅಡಿ ಎಂದಿರಿ, ಚಾಲಕನ ತಲೆಯ ಮೇಲೆ ಮಂಚ ಚಾಚಿಕೊಂಡಿರುವ ಮಾದರಿಯೇ ಇರಬೇಕು. ಅದು ಹೆಚ್ಚಾಗಿ ಫೋರ್ಡ್ ಇ-450 ಮೇಲೆ ಕಟ್ಟಿದ್ದು, ಟ್ಯಾಂಕ್ 55 ಗ್ಯಾಲನ್, ಅಂದರೆ ಸುಮಾರು 208 ಲೀಟರ್. ಬಸ್ಸಿನಂತೆ ಚಪ್ಪಟೆ ಮೂತಿಯ ದೊಡ್ಡ ಪೆಟ್ರೋಲ್ ಗಾಡಿಗಳಿಗೆ ಬಳಸುವ ಫೋರ್ಡ್ ಎಫ್-53 ಚಾಸಿಯಾದರೆ 80 ಗ್ಯಾಲನ್. ಮರ್ಸಿಡಿಸ್ ಸ್ಪ್ರಿಂಟರ್ ಡೀಸೆಲ್ ಆದರೆ ಬರೀ 24.5 ಗ್ಯಾಲನ್. ನೋಡಲು ಮೂರೂ ಮನೆಗಳೇ, ಟ್ಯಾಂಕಿನಲ್ಲಿ ಮಾತ್ರ ಮೂರು ಪಟ್ಟಿಗೂ ಮೀರಿದ ಅಂತರ. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನ ಹಳೆಯ ಗ್ಯಾಲನ್ 4.546 ಲೀಟರ್. ಅಂತರ್ಜಾಲದ ಲೆಕ್ಕದಲ್ಲಿ ಇವೆರಡು ಬೆರೆತರೆ 55 ಗ್ಯಾಲನ್ 250 ಲೀಟರ್ ಆಗಿಬಿಡುತ್ತದೆ.

40 ಎಂದವರು ನೀರಿನ ಟ್ಯಾಂಕಿನ ಅಂಕಿ ಓದಿರಲೂಬಹುದು. ಇನ್ನೊಂದು ಗೊಂದಲ ನಮ್ಮವರಿಗೇ ಮೀಸಲು. ಅಲ್ಲಿ 'ಗ್ಯಾಸ್' ಎಂದರೆ ಪೆಟ್ರೋಲ್, ಅಡುಗೆ ಒಲೆಯದು 'ಪ್ರೊಪೇನ್' ಅಥವಾ 'ಎಲ್‌ಪಿ'. ಊರಿಂದ ಬಂದ ಅಪ್ಪ ಅಮ್ಮ ಗ್ಯಾಸ್ ಟ್ಯಾಂಕ್ ಎಷ್ಟು ಎಂದು ಕೇಳಿದರೆ ಅವರು ಸಿಲಿಂಡರ್ ವಿಷಯ ಕೇಳುತ್ತಿದ್ದಾರೆ.

ಕಾಗದ ಸಿಗದಿದ್ದರೆ ಅಳೆದೇ ನೋಡಬಹುದು. ಸಮತಟ್ಟಾದ ಜಾಗದಲ್ಲಿ, ನಳಿಕೆ ಮೊದಲ ಸಲ 'ಟಕ್' ಎಂದು ತಾನಾಗಿ ನಿಲ್ಲುವವರೆಗೆ ತುಂಬಿಸಿ. ಇಂಧನದ ಮುಳ್ಳು ಕಾಲು ಟ್ಯಾಂಕಿಗೆ ಬರುವವರೆಗೆ ಓಡಿಸಿ. ಮತ್ತೆ ಸಮತಟ್ಟು ಜಾಗ, ಮತ್ತೆ ಮೊದಲ ಟಕ್. ಈಗ ಹಿಡಿದದ್ದು 39 ಗ್ಯಾಲನ್ ಎಂದುಕೊಳ್ಳಿ. ಅದು ಮುಕ್ಕಾಲು ಟ್ಯಾಂಕ್, ಹಾಗಾಗಿ ಪೂರ್ತಿ 52ರ ಆಸುಪಾಸು, ಟ್ಯಾಂಕ್ 55ರದ್ದೇ. ತಿರುಗಿ 28 ಮಾತ್ರ ಹಿಡಿದರೆ ಸುಮಾರು 37, ಅಂದರೆ 40ರದ್ದು. ಮುಳ್ಳು ಗಣಿತದಷ್ಟು ನೇರವಾಗಿ ಇಳಿಯುವುದಿಲ್ಲ, ಎರಡು ಮೂರು ಗ್ಯಾಲನ್ ಆಚೀಚೆ ಆಗುತ್ತದೆ. ಖಾಲಿಯಾಗುವವರೆಗೆ ಓಡಿಸಿ ಅಳೆಯುವ ಜಾಣತನ ಬೇಡ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ಒಣಗಿದರೆ ಪಂಪ್ ಸುಡುತ್ತದೆ, ಟ್ಯಾಂಕ್ ಇಳಿಸಿದರೇ ಅದು ಕೈಗೆ ಸಿಗುವುದು.

ಪ್ರಶ್ನೆ: ಮುಳ್ಳು ಕಾಲು ಟ್ಯಾಂಕಿಗೆ ಬಂದಾಗಲೆಲ್ಲ ಜನರೇಟರ್ ಆರಿಹೋಗುತ್ತದೆ. ಎಂಜಿನ್ ಚೆನ್ನಾಗಿಯೇ ಓಡುತ್ತದೆ. ರಿಪೇರಿಗೆ ಕೊಡಬೇಕೆ? (ಟೆಕ್ಸಸ್)

ಉತ್ತರ: ಬೇಡ, ಅದು ಬೇಕೆಂದೇ ಮಾಡಿದ ಏರ್ಪಾಡು. ಪೆಟ್ರೋಲ್ ಗಾಡಿಗಳಲ್ಲಿ ಜನರೇಟರ್ ಕುಡಿಯುವುದು ಎಂಜಿನ್ನಿನ ಟ್ಯಾಂಕಿನಿಂದಲೇ. ಆದರೆ ಅದರ ಕೊಳವೆ ತಳದವರೆಗೆ ಇಳಿದಿರುವುದಿಲ್ಲ, ಸುಮಾರು ಕಾಲು ಟ್ಯಾಂಕಿನ ಮಟ್ಟಕ್ಕೆ ನಿಲ್ಲಿಸಿರುತ್ತಾರೆ. ರಾತ್ರಿಯೆಲ್ಲ ಏಸಿ ಹಾಕಿಕೊಂಡು ಮಲಗಿದವರು ಬೆಳಗ್ಗೆ ಬಂಕಿನವರೆಗಾದರೂ ಹೋಗಿ ಮುಟ್ಟಲಿ ಎಂದು. ತುಂಬಿಸಿದ ಮೇಲೂ ಸ್ಟಾರ್ಟ್ ಆಗದಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಓನನ್ ಜನರೇಟರ್‌ಗಳ ಹಲವು ಮಾದರಿಗಳಲ್ಲಿ ಸ್ಟಾಪ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಅದರ ಪಂಪ್ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ.

ದಾರಿಯ ಲೆಕ್ಕದಲ್ಲಿ ಇದನ್ನು ಸೇರಿಸಿಕೊಳ್ಳಿ. 4 ಕಿಲೋವ್ಯಾಟ್ ಜನರೇಟರ್ ಅರ್ಧ ಹೊರೆಯಲ್ಲಿ ಗಂಟೆಗೆ ಸುಮಾರು ಅರ್ಧ ಗ್ಯಾಲನ್ ಕುಡಿಯುತ್ತದೆ. ಎಂಟು ಗಂಟೆ ನಿದ್ದೆಗೆ 4 ಗ್ಯಾಲನ್. ಗ್ಯಾಲನ್‌ಗೆ 8 ಮೈಲಿ ಕೊಡುವ ಗಾಡಿಗೆ ಅದು 32 ಮೈಲಿಯ ದಾರಿ. 55 ಗ್ಯಾಲನ್ನಿಗೆ ಕಾಗದದ ಮೇಲೆ 440 ಮೈಲಿ. ಮುಕ್ಕಾಲನ್ನು ಮಾತ್ರ ನಂಬಿದರೆ 330. ಯೂಟಾದಲ್ಲಿ ಐ-70 ಹೆದ್ದಾರಿಯ ಗ್ರೀನ್ ರಿವರ್ ಮತ್ತು ಸಲೈನಾ ಊರುಗಳ ನಡುವೆ ನೂರು ಮೈಲಿಗೂ ಹೆಚ್ಚು ದೂರ ಒಂದು ಬಂಕೂ ಇಲ್ಲ. ಅರ್ಧ ಟ್ಯಾಂಕ್ ಇದೆಯಲ್ಲ ಎಂದು ಗ್ರೀನ್ ರಿವರ್ ದಾಟಬೇಡಿ. ಏರುದಾರಿ, ಎದುರುಗಾಳಿ ಸೇರಿದರೆ 8 ಮೈಲಿ 6 ಆಗುತ್ತದೆ.

ಪ್ರಶ್ನೆ: ಪಂಪ್ ಅರ್ಧ ಗ್ಯಾಲನ್‌ಗೊಮ್ಮೆ ಟಕ್ ಎಂದು ನಿಲ್ಲುತ್ತದೆ. ಟ್ಯಾಂಕ್ ತುಂಬಿರುವುದಿಲ್ಲ. ಬಂಕ್ ಬದಲಿಸಿ ನೋಡಿದ್ದಾಯಿತು, ಎಲ್ಲ ಕಡೆ ಇದೇ ಕಥೆ. (ನಾರ್ತ್ ಕ್ಯಾರೊಲೈನಾ)

ಉತ್ತರ: ನಳಿಕೆಯ ತುದಿಯ ಹತ್ತಿರ ಬೆಂಕಿಕಡ್ಡಿ ತಲೆಯಷ್ಟು ಒಂದು ತೂತು ಇರುವುದನ್ನು ನೋಡಿರಬಹುದು. ಪೆಟ್ರೋಲ್ ಹರಿಯುವಾಗ ಆ ತೂತು ಸದಾ ಗಾಳಿ ಎಳೆಯುತ್ತಿರುತ್ತದೆ. ಪೆಟ್ರೋಲ್ ಮೇಲೇರಿ ತೂತನ್ನು ಮುಚ್ಚಿದೊಡನೆ ಹಿಡಿಯೊಳಗೆ ನಿರ್ವಾತ ಉಂಟಾಗಿ ಪರದೆ ಎಳೆದುಕೊಂಡು, ಕೊಂಡಿ ಕಳಚಿ, ಹರಿವು ನಿಲ್ಲುತ್ತದೆ. ಟ್ಯಾಂಕ್ ತುಂಬಿದೆಯೋ ಇಲ್ಲವೋ ನಳಿಕೆಗೆ ಗೊತ್ತಿಲ್ಲ. ತುದಿ ಒದ್ದೆಯಾಯಿತೇ ಎಂಬುದಷ್ಟೇ ಅದಕ್ಕೆ ಗೊತ್ತು.

ಮನೆ ಕಟ್ಟುವವರು ಇಂಧನದ ಬಾಯಿಯನ್ನು ಗೋಡೆಯ ಅಂಚಿಗೆ ಸರಿಸುತ್ತಾರೆ. ಬಾಯಿಂದ ಟ್ಯಾಂಕಿನವರೆಗಿನ ರಬ್ಬರ್ ಕೊಳವೆ ಉದ್ದವಾಗುತ್ತದೆ, ಇಳಿಜಾರು ಕಡಿಮೆಯಾಗುತ್ತದೆ. ಪಕ್ಕದಲ್ಲೇ ಒಂದು ಸಣ್ಣ ಕೊಳವೆ ಟ್ಯಾಂಕಿನ ಗಾಳಿಯನ್ನು ಹೊರಗೆ ತರುತ್ತದೆ. ಇವೆರಡರಲ್ಲಿ ಒಂದು ಎಲ್ಲಾದರೂ ಜೋತುಬಿದ್ದು ಹೊಟ್ಟೆ ಬಿಟ್ಟಿದ್ದರೆ ಆ ಹೊಟ್ಟೆಯಲ್ಲಿ ಪೆಟ್ರೋಲ್ ನಿಂತು ಗಾಳಿಯ ದಾರಿ ಮುಚ್ಚುತ್ತದೆ. ಒಳಗಿನ ಗಾಳಿ ದೊಡ್ಡ ಕೊಳವೆಯಲ್ಲೇ ಗುಳುಗುಳು ಎಂದು ಎದುರು ಬಂದು ಪೆಟ್ರೋಲನ್ನು ನಳಿಕೆಯ ತುದಿಗೆ ಚಿಮ್ಮಿಸುತ್ತದೆ. ಟಕ್.

ಬಂಕಿನಲ್ಲಿ ಆಗಲೇ ಮಾಡಬಹುದಾದ್ದು: ನಳಿಕೆಯನ್ನು ಪೂರ್ತಿ ತುರುಕದೆ ಒಂದೆರಡು ಅಂಗುಲ ಹಿಂದಕ್ಕೆ ಎಳೆಯಿರಿ. ಹಿಡಿಯನ್ನು ಕೆಳಮುಖ ಬಿಟ್ಟು ಪಕ್ಕಕ್ಕೆ ತಿರುಗಿಸಿ. ಕೊಂಡಿಯನ್ನು ಎಲ್ಲಕ್ಕಿಂತ ನಿಧಾನದ ಹಲ್ಲಿಗೆ ಸಿಕ್ಕಿಸಿ. ಅಂಗಳ ಓರೆಯಾಗಿದ್ದರೆ ಬಾಯಿ ಇರುವ ಬದಿ ಎತ್ತರಕ್ಕೆ ಬರುವಂತೆ ನಿಲ್ಲಿಸಿ. ಅಮೆರಿಕದಲ್ಲಿ ಪೆಟ್ರೋಲ್ ನಳಿಕೆಯ ವೇಗಕ್ಕೆ ನಿಮಿಷಕ್ಕೆ 10 ಗ್ಯಾಲನ್ ಎಂಬ ಕಾನೂನಿನ ಮಿತಿ ಇದೆ. ನಿಧಾನದ ಹಲ್ಲಿನಲ್ಲಿ 40 ಗ್ಯಾಲನ್‌ಗೆ ಹತ್ತು ನಿಮಿಷವೇ ಹಿಡಿಯಲಿ, ಹಿಂದಿನವರು ಕಾಯುತ್ತಾರೆ.

ಗಾಡಿ ಸ್ವಂತದ್ದಾದರೆ ಕೆಳಗೆ ಬಗ್ಗಿ ಕೊಳವೆಯ ಜಾಡು ನೋಡಿ. ಬಾಯಿಂದ ಟ್ಯಾಂಕಿನವರೆಗೆ ಎಲ್ಲೂ ಮತ್ತೆ ಮೇಲೇರದೆ ಇಳಿಯುತ್ತಲೇ ಹೋಗಬೇಕು. ಜೋತುಬಿದ್ದಲ್ಲಿ ಪಟ್ಟಿ ಕಟ್ಟಿಸಿ, ಉದ್ದ ಹೆಚ್ಚಿದ್ದರೆ ಕತ್ತರಿಸಿ ಹೊಸ ಕ್ಲಾಂಪ್ ಹಾಕಿಸಿ. ಇದು ವರ್ಕ್‌ಶಾಪಿನ ಕೆಲಸ, ಮನೆಯ ಅಂಗಳದ್ದಲ್ಲ. ಕೊಳವೆ ಸರಿಯಿದ್ದೂ ತೊಂದರೆ ನಿಲ್ಲದಿದ್ದರೆ ಇದ್ದಿಲಿನ ಡಬ್ಬಿಯನ್ನು, ಅಂದರೆ ಪೆಟ್ರೋಲಿನ ಆವಿ ಹೀರಿಕೊಳ್ಳುವ ಕ್ಯಾನಿಸ್ಟರ್ ಅನ್ನು, ನೋಡಿಸಿ. ಮೊದಲ ಟಕ್ ಆದಮೇಲೂ ಇನ್ನಷ್ಟು, ಇನ್ನಷ್ಟು ಎಂದು ಒತ್ತಿ ತುಂಬಿಸುವ ಅಭ್ಯಾಸವೇ ಅದನ್ನು ಕೆಡಿಸುವುದು. ದ್ರವ ಪೆಟ್ರೋಲ್ ನುಗ್ಗಿ ಇದ್ದಿಲು ನೆನೆದರೆ ಗಾಳಿಯ ದಾರಿಯೇ ಕಟ್ಟುತ್ತದೆ. ಟ್ಯಾಂಕಿನಲ್ಲಿ ಸ್ವಲ್ಪ ಜಾಗ ಬಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ನೆಲದಡಿಯ ತಂಪಿನಿಂದ ಬಂದ 208 ಲೀಟರ್ ಪೆಟ್ರೋಲ್ ಬಿಸಿಲಲ್ಲಿ 15 ಡಿಗ್ರಿ ಬಿಸಿಯಾದರೆ ಸುಮಾರು 3 ಲೀಟರ್ ಹಿಗ್ಗುತ್ತದೆ.

ಪ್ರಶ್ನೆ: ಬಂಕಿಗೆ ಹೋಗುವಾಗ ಒಲೆ ಆರಿಸಿದ್ದರೆ ಸಾಲದೆ? ಫ್ರಿಜ್ ಕೂಡ ಆಫ್ ಮಾಡಿ ಎನ್ನುತ್ತಾರೆ, ಹಾಲು ಮೊಸರು ಕೆಡುವುದಿಲ್ಲವೆ? (ಸಿಯಾಟಲ್)

ಉತ್ತರ: ಒಲೆಗಿಂತ ಫ್ರಿಜ್ಜೇ ಅಪಾಯ. ಹಲವು ಮೋಟರ್‌ಹೋಮ್‌ಗಳ ಫ್ರಿಜ್ ಪ್ರೊಪೇನ್ ಜ್ವಾಲೆಯಿಂದಲೂ ನಡೆಯುತ್ತದೆ. 'ಆಟೋ'ದಲ್ಲಿ ಬಿಟ್ಟಿದ್ದರೆ ಹೊರಗಿನ ಕರೆಂಟ್ ಇಲ್ಲದಾಗ ತಾನೇ ಕಿಡಿ ಹೊತ್ತಿಸಿಕೊಂಡು ಉರಿಯುತ್ತದೆ. ನೀವು ನಳಿಕೆ ಹಿಡಿದು ನಿಂತಿರುವಾಗ ಯಾರೂ ಮುಟ್ಟದೆ ಒಳಗೆ ಬೆಂಕಿ ಹೊತ್ತಿಕೊಳ್ಳಬಹುದು. ಆ ಬರ್ನರ್ ಇರುವುದು ಗೋಡೆಯ ಹೊರಬದಿಯ ಜಾಲರಿಯ ಹಿಂದೆ, ಕೆಳಭಾಗದಲ್ಲಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮೇಲೇರುವುದಿಲ್ಲ, ನೆಲ ಹಿಡಿದು ಹರಿಯುತ್ತದೆ.

ಬಂಕಿನ ಅಂಗಳಕ್ಕೆ ತಿರುಗುವ ಮೊದಲೇ, ಬೇರೆ ಎಲ್ಲಾದರೂ ನಿಲ್ಲಿಸಿ, ಜನರೇಟರ್, ಫ್ರಿಜ್, ನೀರು ಕಾಯಿಸುವ ಗೀಸರ್, ಚಳಿಗಾಲವಾದರೆ ಹೀಟರಿನ ಥರ್ಮೋಸ್ಟ್ಯಾಟ್ ಎಲ್ಲ ಆರಿಸಿ. ಆಮೇಲೆ ಪ್ರೊಪೇನ್ ಟ್ಯಾಂಕಿನ ಮುಖ್ಯ ವಾಲ್ವ್ ಮುಚ್ಚಿ. ಹಾಲಿಗೇನೂ ಆಗುವುದಿಲ್ಲ. ಬಾಗಿಲು ತೆರೆಯದಿದ್ದರೆ ಅರ್ಧ ಗಂಟೆಗೆ ಫ್ರಿಜ್ಜಿನ ತಂಪು ಇಳಿಯುವುದಿಲ್ಲ. ಮತ್ತೆ ತೆರೆಯುವಾಗ ವಾಲ್ವನ್ನು ನಿಧಾನವಾಗಿ ತಿರುಗಿಸಿ. ಒಮ್ಮೆಲೇ ಬಿಟ್ಟರೆ ಕೊಳವೆ ಒಡೆದಿದೆ ಎಂದುಕೊಂಡು ಒಳಗಿನ ಸುರಕ್ಷತಾ ವಾಲ್ವ್ ಮುಚ್ಚಿಕೊಳ್ಳುತ್ತದೆ. 'ಟ್ಯಾಂಕ್ ತುಂಬ ಗ್ಯಾಸ್ ಇದೆ, ಒಲೆ ಹತ್ತುತ್ತಿಲ್ಲ' ಎಂಬ ದೂರಿನ ಮೂಲ ಎಷ್ಟೋ ಸಲ ಇದೇ. ಮುಚ್ಚಿ, ಕೆಲವು ನಿಮಿಷ ಬಿಟ್ಟು ಮೆಲ್ಲಗೆ ತೆರೆದರೆ ಸರಿಹೋಗುತ್ತದೆ.

ತುಂಬುತ್ತಿರುವಾಗ ಒಳಗೆ ಹೋಗಿ ಕೂತು ಮತ್ತೆ ಇಳಿಯಬೇಡಿ. ಒಣಹವೆಯಲ್ಲಿ ಸೀಟಿನ ಬಟ್ಟೆಗೆ ಮೈ ಉಜ್ಜಿ ಬಂದ ಸ್ಥಿರ ವಿದ್ಯುತ್ತು ನಳಿಕೆ ಮುಟ್ಟಿದಾಗ ಕಿಡಿಯಾಗುತ್ತದೆ. ಹೋಗಲೇಬೇಕಾಗಿ ಬಂದರೆ, ಮರಳಿ ಬಂದಾಗ ಬಾಯಿಯಿಂದ ದೂರದ ಬರಿ ಲೋಹವನ್ನು ಮೊದಲು ಮುಟ್ಟಿ. ಬಾಯಿಯಲ್ಲಿ ಬೆಂಕಿ ಕಂಡರೆ ನಳಿಕೆ ಎಳೆಯಬೇಡಿ. ಎಳೆದರೆ ಬೆಂಕಿಯ ಜೊತೆ ಪೆಟ್ರೋಲೂ ನೆಲಕ್ಕೆ ಬರುತ್ತದೆ. ಬಿಟ್ಟು ದೂರ ಸರಿದು, ಎಲ್ಲರನ್ನೂ ಇಳಿಸಿ, ಬಂಕಿನವರಿಗೆ ಕೂಗಿ ತುರ್ತು ಸ್ವಿಚ್ ಒತ್ತಿಸಿ.

ಪ್ರಶ್ನೆ: ಕಾರ್ಡ್ ಹಾಕಿದರೆ ಟ್ಯಾಂಕ್ ಅರ್ಧ ತುಂಬುವಷ್ಟರಲ್ಲಿ ಪಂಪ್ ನಿಲ್ಲುತ್ತದೆ. (ಕ್ಯಾಲಿಫೋರ್ನಿಯಾ)

ಉತ್ತರ: ಒಂದು ವಹಿವಾಟಿಗೆ ಇಷ್ಟೇ ಡಾಲರ್ ಎಂದು ಪಂಪಿಗೆ ಮಿತಿ ಇರುತ್ತದೆ, ಅದು ಮುಗಿದಿದೆ. ಇನ್ನೊಮ್ಮೆ ಕಾರ್ಡ್ ಹಾಕಿ, ಇಲ್ಲವೇ ಒಳಗೆ ಹೋಗಿ ಹಣ ಕಟ್ಟಿ. 'ಜಿಪ್', ಅಂದರೆ ಅಂಚೆಯ ಪಿನ್ ಕೋಡ್, ಕೇಳುವ ಪಂಪುಗಳಲ್ಲಿ ಭಾರತದ ಕಾರ್ಡಿಗೂ ಒಳಗೆ ಹೋಗಿ ಕಟ್ಟುವುದೇ ದಾರಿ. ಟ್ಯಾಂಕಿನ ಅಳತೆ ಲೆಕ್ಕ ಹಾಕುವಾಗ ಎರಡೂ ರಸೀದಿ ಕೂಡಿಸಿ. ನ್ಯೂ ಜೆರ್ಸಿಯಲ್ಲಿ ಮಾತ್ರ ನೀವೇ ಪೆಟ್ರೋಲ್ ತುಂಬಿಸಿಕೊಳ್ಳುವಂತಿಲ್ಲ. ನಮ್ಮೂರಿನಂತೆ ಬಂಕಿನವರೇ ತುಂಬುತ್ತಾರೆ. ಪೆಟ್ರೋಲೋ ಡೀಸೆಲೋ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಲಾರಿಗಳ ಸಾಲಿಗೆ ಹೋದರೆ ಜಾಗ ಧಾರಾಳವಲ್ಲವೆ? (ಇಲಿನಾಯ್)

ಉತ್ತರ: ಜಾಗವಿದೆ, ಆದರೆ ಅಲ್ಲಿರುವುದು ಡೀಸೆಲ್ ಮಾತ್ರ. ಸ್ಪ್ರಿಂಟರ್‌ನಂಥ ಸಣ್ಣ ಡೀಸೆಲ್ ಗಾಡಿಗೂ ಆ ಸಾಲು ಒಗ್ಗದು. ಲಾರಿ ನಳಿಕೆ ದಪ್ಪ, ಹರಿವು ಜೋರು. ಹಿಂದೆ ಎಂಜಿನ್ ಇರುವ ದೊಡ್ಡ ಬಸ್ ಮಾದರಿಗೆ ಮಾತ್ರ ಅದು ಸರಿ. ಸಾಮಾನ್ಯ ಸಾಲಿನಲ್ಲಾದರೆ ಅಂಚಿನ ಪಂಪ್ ಹಿಡಿಯಿರಿ, ಚಾವಣಿಯ ಎತ್ತರದ ಫಲಕವನ್ನು ಗಾಡಿಯ ಎತ್ತರಕ್ಕೆ (ಛಾವಣಿಯ ಏಸಿ ಸೇರಿಸಿ) ಹೋಲಿಸಿ. ಡಿಕ್ಕಿಯಾಗುವುದು ಬರುವಾಗ ಅಲ್ಲ, ಹೊರಡುವಾಗ. ಹಿಂದಿನ ಚಕ್ರದ ಆಚೆ ಹತ್ತು ಅಡಿ ಮನೆ ಚಾಚಿರುತ್ತದೆ. ನೀವು ಎಡಕ್ಕೆ ತಿರುಗಿಸಿದರೆ ಆ ಬಾಲ ಬಲಕ್ಕೆ ಬೀಸಿ ಪಂಪಿನ ಕಬ್ಬಿಣದ ಕಂಬಕ್ಕೆ ಬಡಿಯುತ್ತದೆ. ಹಿಂಬದಿ ಪಂಪನ್ನು ಪೂರ್ತಿ ದಾಟುವವರೆಗೆ ನೇರ ಹೋಗಿ, ಆಮೇಲೆ ಸ್ಟೀರಿಂಗ್ ತಿರುಗಿಸಿ.

ಪ್ರಶ್ನೆ: ಜರ್ಮನಿಯಲ್ಲಿ ಫಿಯೆಟ್ ಡುಕಾಟೊ ಕ್ಯಾಂಪರ್ ತೆಗೆದುಕೊಂಡು ಇಟಲಿಗೆ ಹೋಗುತ್ತಿದ್ದೇವೆ. ಗೋಡೆಯಲ್ಲಿ ಮೂರು ಮುಚ್ಚಳಗಳಿವೆ, ಒಂದೇ ಕೀಲಿ. ತಪ್ಪಿದರೆ ಏನಾಗುತ್ತದೆ? (ಮ್ಯೂನಿಕ್)

ಉತ್ತರ: ತಪ್ಪುವುದು ಅಲ್ಲಿ ಸಾಮಾನ್ಯ, ಅದಕ್ಕೇ ಕೀಲಿ ತೆಗೆದುಕೊಂಡ ದಿನವೇ ಮುಚ್ಚಳಗಳ ಮೇಲೆ ದಪ್ಪ ಟೇಪ್ ಅಂಟಿಸಿ ಕನ್ನಡದಲ್ಲೇ ಬರೆಯಿರಿ: ನೀರು, ಡೀಸೆಲ್, ಆಡ್‌ಬ್ಲೂ (ಹೊಗೆ ಶುದ್ಧಿಯ ದ್ರವ). ಡುಕಾಟೊ ಟ್ಯಾಂಕ್ ಹೆಚ್ಚಾಗಿ 90 ಲೀಟರ್, ಕೆಲವು ಕ್ಯಾಂಪರ್‌ಗಳಲ್ಲಿ 60 ಮಾತ್ರ. ಕೇಳಿಕೊಂಡು ಹೊರಡಿ.

ಹೆಸರಿಗೆ ಮೋಸಹೋಗಬೇಡಿ. ಇಟಲಿಯ 'ಗಸೋಲಿಯೊ', ಫ್ರಾನ್ಸಿನ 'ಗಝೋಲ್' ಕೇಳಲು ಗ್ಯಾಸೊಲಿನ್‌ನಂತಿದ್ದರೂ ಎರಡೂ ಡೀಸೆಲ್. ಪೆಟ್ರೋಲ್‌ಗೆ ಇಟಲಿಯಲ್ಲಿ 'ಬೆನ್ಝಿನಾ' ಎನ್ನುತ್ತಾರೆ. ನಳಿಕೆಯ ಬಣ್ಣ ದೇಶದಿಂದ ದೇಶಕ್ಕೆ ತಿರುಗುಮುರುಗು. ಬ್ರಿಟನ್ನಿನಲ್ಲಿ ಹಸಿರು ಪೆಟ್ರೋಲ್, ಅಮೆರಿಕದ ಬಹಳಷ್ಟು ಬಂಕುಗಳಲ್ಲಿ ಹಸಿರು ಡೀಸೆಲ್. ಯುರೋಪಿನಲ್ಲಿ 2018ರಿಂದ ಬಂದಿರುವ ಚಿಹ್ನೆಗಳನ್ನು ನಂಬಿ: ವೃತ್ತದೊಳಗೆ ಇ5, ಇ10 ಎಂದಿದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಎಂದಿದ್ದರೆ ಡೀಸೆಲ್. ಅದೇ ಚೌಕ ನಿಮ್ಮ ಮುಚ್ಚಳದ ಒಳಬದಿಯಲ್ಲೂ ಇರಬೇಕು. ಡೀಸೆಲ್ ನಳಿಕೆ ದಪ್ಪವಾದ್ದರಿಂದ ಪೆಟ್ರೋಲ್ ಗಾಡಿಯ ಬಾಯಿಗೆ ಹೋಗದು. ಪೆಟ್ರೋಲ್ ನಳಿಕೆ ಸಪೂರ, ಹಲವು ಡೀಸೆಲ್ ಬಾಯಿಗಳಿಗೆ ಸಲೀಸಾಗಿ ಇಳಿಯುತ್ತದೆ. ತಡೆಯುವವರಿಲ್ಲದ ತಪ್ಪು ಅದೇ.

ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್, ನೀರು ಅಥವಾ ಆಡ್‌ಬ್ಲೂ ಬಿದ್ದಿದ್ದು ಗೊತ್ತಾದ ಕೂಡಲೇ ಕೀಲಿ ಮುಟ್ಟಬೇಡಿ. ಸ್ಟಾರ್ಟ್ ಮಾಡದೆ ಬರೀ ಆನ್ ಮಾಡಿದರೂ ಪಂಪ್ ತಿರುಗಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಈಗಿನ ಡೀಸೆಲ್ ಎಂಜಿನ್ನಿನ ಅಧಿಕ ಒತ್ತಡದ ಪಂಪಿಗೆ ಡೀಸೆಲ್ಲೇ ಎಣ್ಣೆ. ಪೆಟ್ರೋಲ್ ಆ ಜಿಡ್ಡು ತೊಳೆದರೆ ಲೋಹ ಲೋಹಕ್ಕೆ ಉಜ್ಜಿ, ಪುಡಿ ಇಂಜೆಕ್ಟರ್‌ವರೆಗೆ ಹೋಗುತ್ತದೆ. ನ್ಯೂಟ್ರಲ್‌ಗೆ ಹಾಕಿ ತಳ್ಳಿಸಿ, ಟ್ಯಾಂಕ್ ಖಾಲಿ ಮಾಡಿಸಿದರೆ ಆಗುವ ಖರ್ಚು ಅದರ ಮುಂದೆ ಏನೂ ಅಲ್ಲ. ನೀರಿನ ಟ್ಯಾಂಕಿಗೆ ಡೀಸೆಲ್ ಹಾಕಿದ್ದರೆ ಎಂಜಿನ್ನಿಗೆ ತೊಂದರೆಯಿಲ್ಲ, ಆದರೆ ನಲ್ಲಿಯ ಪಂಪ್ ಒಮ್ಮೆಯೂ ಓಡಿಸಬೇಡಿ. ಪ್ಲಾಸ್ಟಿಕ್ಕಿಗೆ ಹಿಡಿದ ವಾಸನೆ ಸೋಪಿಗೆ ಬಗ್ಗುವುದಿಲ್ಲ. ಟ್ಯಾಂಕ್ ಬದಲಿಸುವುದು ಬಹುತೇಕ ಖಚಿತ, ಕೊಳವೆಗಳಾದರೂ ಉಳಿಯಲಿ. ಆಡ್‌ಬ್ಲೂ ಎಂದರೆ 32.5 ಶೇಕಡಾ ಯೂರಿಯಾ ಬೆರೆತ ನೀರು, ಹೊಗೆ ಶುದ್ಧಿಗೆ. ನೀಲಿ ಮುಚ್ಚಳ ಅದರದ್ದು. ಇಷ್ಟು ಕಿಲೋಮೀಟರ್ ಉಳಿದಿದೆ ಎಂದು ಡ್ಯಾಶ್‌ಬೋರ್ಡ್ ಎಣಿಸತೊಡಗಿದರೆ ಅಸಡ್ಡೆ ಬೇಡ. ಸೊನ್ನೆಗೆ ಬಂದಮೇಲೆ ಎಂಜಿನ್ ಆರಿಸಿದರೆ ಮತ್ತೆ ಹತ್ತುವುದಿಲ್ಲ.

ಪ್ರಶ್ನೆ: ಡೀಸೆಲ್ ವ್ಯಾನನ್ನು ಕ್ಯಾಂಪರ್ ಮಾಡಿಸಿದ್ದೇನೆ. ಪುಸ್ತಕದಲ್ಲಿ ಟ್ಯಾಂಕ್ 70 ಲೀಟರ್, ಬಂಕಿನಲ್ಲಿ 74 ತುಂಬಿತು. ಜಗಳ ಮಾಡಿದ್ದು ಸರಿಯಲ್ಲವೆ? ಎರಡನೇ ಟ್ಯಾಂಕ್ ಹಾಕಿಸಬಹುದೆ? (ಹುಬ್ಬಳ್ಳಿ)

ಉತ್ತರ: ಬರೀ ಆ 74ರಿಂದ ಮೋಸ ಎನ್ನಲಾಗದು. ಕಂಪನಿ ಹೇಳುವ ಅಂಕಿ, ಹಿಗ್ಗುವುದಕ್ಕೆ ಬಿಟ್ಟ ಖಾಲಿ ಜಾಗ ಮತ್ತು ಬಾಯಿಯ ಕೊಳವೆಯನ್ನು ಬಿಟ್ಟು. ಟಕ್ ಆದಮೇಲೂ ವ್ಯಾನ್ ಅಲುಗಾಡಿಸಿ ಕಂಠಪೂರ್ತಿ ತುಂಬಿಸಿದರೆ ಆ ಜಾಗವೂ ಭರ್ತಿಯಾಗುತ್ತದೆ. ಕ್ಯಾಂಪರ್ ಮಾಡುವಾಗ ಬಾಯಿ ಸರಿಸಿ ಕೊಳವೆ ಉದ್ದ ಮಾಡಿದ್ದರೆ ಅದರ ಪಾಲೂ ಸೇರುತ್ತದೆ. ಅನುಮಾನವಿದ್ದರೆ ಜಗಳಕ್ಕಿಂತ ಐದು ಲೀಟರ್ ಪಾತ್ರೆ ಕೇಳಿ. ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ ಆ ಪಾತ್ರೆ ಎಲ್ಲ ಬಂಕಿನಲ್ಲೂ ಇರಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. 5 ಲೀಟರ್‌ಗೆ 25 ಮಿಲಿಲೀಟರ್ ಹೆಚ್ಚುಕಡಿಮೆ ಮಾತ್ರ ಒಪ್ಪಿತ. 74 ಲೀಟರ್‌ಗೆ ಅದು 370 ಮಿಲಿಲೀಟರ್. ನಾಲ್ಕು ಲೀಟರ್ ಅಲ್ಲ.

ಎರಡನೇ ಟ್ಯಾಂಕ್ ಸಾರಿಗೆ ಇಲಾಖೆಯ ಒಪ್ಪಿಗೆ ಇಲ್ಲದೆ ಬೇಡ. ಅಪಘಾತವಾದಾಗ ವಿಮೆಯವರು ಮೊದಲು ಕೈ ತೋರಿಸುವುದು ಅಂಥ ಜೋಡಣೆಗೇ. ಕ್ಯಾನಿನಲ್ಲಿ ಡೀಸೆಲ್ ಒಯ್ಯುವುದಾದರೆ ಅಡುಗೆ ಸಿಲಿಂಡರ್ ಇರುವ ಅದೇ ಗೂಡಿನಲ್ಲಿ ಇಡಬೇಡಿ. ತುಂಬುವಾಗ ಕ್ಯಾನನ್ನು ವ್ಯಾನಿನೊಳಗೆ, ರೆಕ್ಸಿನ್ ನೆಲದ ಮೇಲೆ ಬಿಡದೆ ಕೆಳಗಿಳಿಸಿ ನೆಲಕ್ಕೆ ಇಟ್ಟೇ ತುಂಬಿಸಿ, ಮೇಲೆ ಸ್ವಲ್ಪ ಖಾಲಿ ಬಿಡಿ.